ಸಹಾಯ ಬೇಕು: ಕಡಲಾಮೆ ನೋಡೋಕೆ ಅಗತ್ತಿಯೋ, ಅಂಡಮಾನೋ?

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಜಯನಗರದವರು. ಜನವರಿಯಲ್ಲಿ ಮಗಳನ್ನೂ ಅತ್ತೆಯವರನ್ನೂ ಕರೆದುಕೊಂಡು ಕಡಲಾಮೆ ನೋಡಲು ಹೋಗಬೇಕು ಅಂತಿದ್ದೇವೆ. ತೊಟ್ಟಿಯಲ್ಲಿ ಇಟ್ಟಿರೋದಲ್ಲ, ಸಮುದ್ರದಲ್ಲಿ ತನ್ನ ಪಾಡಿಗೆ ಇರೋ ಆಮೆ.

ನನ್ನ ಮನಸ್ಸು ಲಕ್ಷದ್ವೀಪದ ಅಗತ್ತಿ ಕಡೆಗೇ ಇದೆ. ಅಲ್ಲಿ ಹವಳದ ದಿಬ್ಬದ ಒಳಗಿನ ನೀರು ಆಳ ಕಡಿಮೆ, ತಿಳಿಯಾಗಿರುತ್ತೆ. ಹಸಿರು ಆಮೆಗಳು ತಳದ ಕಡಲಹುಲ್ಲು ಮೇಯುತ್ತವೆ, ಆಗಾಗ ಉಸಿರಿಗೆ ಮೇಲೆ ಬಂದು ತಲೆ ಎತ್ತಿ ಮತ್ತೆ ಇಳಿಯುತ್ತವೆ. ಮಗಳಿಗೆ ಈಜು ಬರುತ್ತೆ, ಅತ್ತೆಗೆ ಬರಲ್ಲ. ದೋಣಿಯಲ್ಲಿ ಕೂತೇ ಚೆನ್ನಾಗಿ ಕಾಣುತ್ತಾ? ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಪರ್ಮಿಟ್‌ಗೆ ಎಷ್ಟು ಮುಂಚೆ ಅರ್ಜಿ ಹಾಕಬೇಕು?

ಅಂಡಮಾನ್ ಆದರೆ ಡಿಗ್ಲಿಪುರದ ಹತ್ತಿರದ ಕಾಲಿಪುರ ಬೀಚ್. ಚಳಿಗಾಲದಲ್ಲಿ ಆಮೆಗಳು ರಾತ್ರಿ ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಆದರೆ ಪೋರ್ಟ್ ಬ್ಲೇರ್‌ನಿಂದ (ಈಗಿನ ಶ್ರೀ ವಿಜಯ ಪುರಂ) ರಸ್ತೆಯಲ್ಲಿ ಸುಮಾರು 300 ಕಿ.ಮೀ. ಅತ್ತೆಯವರ ಮಂಡಿನೋವಿಗೆ ಅದು ಜಾಸ್ತಿಯೇ ಆಯ್ತು ಅಲ್ವಾ?

ಒಂದು ವಿಷಯ ಮಾತ್ರ ಖಡಾಖಂಡಿತ. ಫೋಟೋಗೆ ಆಮೆ ಹಿಡಿದು ಎತ್ತಿಕೊಡುವವರು, ಸುತ್ತುಗಟ್ಟಿ ಅಟ್ಟಿಸಿಕೊಂಡು ಹೋಗುವವರು ನಮಗೆ ಬೇಡ. ಮೊಟ್ಟೆ ಇಡಲು ಬಂದ ಆಮೆ ಟಾರ್ಚ್ ಬೆಳಕಿಗೆ ಬೆದರಿ ಹಾಗೇ ವಾಪಸ್ ಹೋಗಿಬಿಡಬಹುದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಜೀವಿ ಅದು. ದೂರದಿಂದ ತೋರಿಸಿದರೂ ಸಾಕು.

ಹೋಗಿಬಂದವರು, ಅದರಲ್ಲೂ ವಯಸ್ಸಾದವರ ಜೊತೆ ಹೋದವರು, ದಯವಿಟ್ಟು ತಿಳಿಸಿ. ನಂಬಿಕಸ್ತ ದೋಣಿಯವರು ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಹಾಕಿ. ಈ ವಾರವೇ ಟಿಕೆಟ್ ಮಾಡಿಸಬೇಕು.