ಒಬ್ಬಳೇ ಕುಮಾರ ಪರ್ವತಕ್ಕೆ: ಯಾವ ಚಾಕು ಒಯ್ಯಲಿ?

ಬೆಣ್ಣೆನಗರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಗೆಳತಿಯರ ಜೊತೆ ಸ್ಕಂದಗಿರಿ, ಸಾವನದುರ್ಗ ಹತ್ತಿದ್ದೇನೆ. ಡಿಸೆಂಬರ್‌ನಲ್ಲಿ ಮೊದಲ ಸಲ ಒಬ್ಬಳೇ ಬ್ಯಾಗ್ ಹೊತ್ತು ಹೊರಡುತ್ತಿದ್ದೇನೆ. ರೈಲಿನಲ್ಲಿ ಸುಬ್ರಹ್ಮಣ್ಯ ರೋಡ್, ಅಲ್ಲಿಂದ ಕುಕ್ಕೆ, ಕುಮಾರ ಪರ್ವತ, ಆಮೇಲೆ ಎರಡು ದಿನ ಕರಾವಳಿ.

ಬ್ಯಾಗ್, ಶೂ ಎಲ್ಲ ಆಯಿತು. ಚಾಕು ಮಾತ್ರ ತೀರ್ಮಾನ ಆಗುತ್ತಿಲ್ಲ. ಮೂರು ಕಣ್ಣಮುಂದಿವೆ. ಒಂದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್. ಇನ್ನೊಂದು ಮಡಚುವ ಒಪಿನೆಲ್ ನಂಬರ್ 8. ಮೂರನೆಯದು ನಮ್ಮ ತಾತನದು, ಊರಿನ ಕುಲುಮೆಯಲ್ಲಿ ಮಾಡಿಸಿದ ಕತ್ತಿ, ಮೊಳಕೈ ಉದ್ದ ಇದೆ. ಕಾಡಲ್ಲಿ ಒಬ್ಬಳೇ ಇರುವಾಗ ಕೈಯಲ್ಲಿ ಏನಾದರೂ ಇರಲಿ ಅಂತ ಅಮ್ಮನ ಒತ್ತಾಯ. ಯಾವುದು ಸರಿ?

ಸಾಣೆಕಲ್ಲು:
ಮೂರೂ ಒಳ್ಳೆಯ ಆಯ್ಕೆ. ಕತ್ತಿ ಮನೆಯಲ್ಲೇ ಇರಲಿ, ಭಾರ ಜಾಸ್ತಿ. ನನ್ನ ಓಟು ಮೋರಾಕ್ಕೆ. ಹತ್ತು ಸೆಂಟಿಮೀಟರ್ ಚಿಲ್ಲರೆ ಅಲಗು, ಒರೆ ಸೇರಿ ನೂರು ಗ್ರಾಂ ಚಿಲ್ಲರೆ. ಹಿಡಿ ರಬ್ಬರಿನಂಥದ್ದು, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮಡಚುವ ಭಾಗವೇ ಇಲ್ಲದ ಕಾರಣ ಬೆರಳ ಮೇಲೆ ಮುಚ್ಚಿಕೊಳ್ಳುವ ಭಯವಿಲ್ಲ. ಆದರೆ ಸ್ಟೇನ್‌ಲೆಸ್ ತಗೊಳ್ಳಿ. ಕಾರ್ಬನ್ ಸ್ಟೀಲ್ ಬೇಗ ಸಾಣೆ ಹಿಡಿಯುತ್ತದೆ ನಿಜ. ಆದರೆ ಘಟ್ಟದ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಬರುತ್ತದೆ. ಚರ್ಮದ ಒರೆಯೂ ಬೇಡ, ಅದು ನೀರು ಹೀರಿ ಅಲಗಿಗೇ ಅಂಟಿಸಿಡುತ್ತದೆ.

ಘಟ್ಟದ ಕೆಳಗಿನವ:
ಚಾಕುವಿನ ಮಾತು ಆಮೇಲೆ ಮಾಡುವ ಮಾರಾಯ್ರೆ. ಮೊದಲು ದಾರಿಯದ್ದು ಕೇಳಿ. ನನ್ನ ಮನೆ ಕುಕ್ಕೆಯಿಂದ ದೂರವಿಲ್ಲ, ಚಿಕ್ಕಂದಿನಿಂದ ಹತ್ತುತ್ತಿದ್ದೇನೆ.

ತುದಿ ಇರುವುದು 1,712 ಮೀಟರ್ ಎತ್ತರದಲ್ಲಿ. ನೀವು ಹೊರಡುವ ಜಾಗ ಸಮುದ್ರ ಮಟ್ಟಕ್ಕಿಂತ ನೂರು ಮೀಟರ್ ಚಿಲ್ಲರೆ ಮೇಲೆ, ಅಷ್ಟೇ. ಅಂದರೆ ಹತ್ತಿರ ಹತ್ತಿರ ಸಾವಿರದ ಆರುನೂರು ಮೀಟರ್ ನಿಮ್ಮ ಕಾಲೇ ಎತ್ತಬೇಕು. ಸ್ಕಂದಗಿರಿ ಹತ್ತಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದಾರಿಯ ನಡುವೆ ಚಾರಣಿಗರು ಊಟಕ್ಕೆ ನಿಲ್ಲುವ ಭಟ್ಟರ ಮನೆವರೆಗೆ ದಟ್ಟ ಕಾಡು, ನೆರಳು, ಬೇರುಗಳ ಮೆಟ್ಟಿಲು. ಅದು ದಾಟಿದರೆ ಬೋಳು ಹುಲ್ಲುಗುಡ್ಡ. ಡಿಸೆಂಬರ್‌ನಲ್ಲೂ ಬಿಸಿಲು ನೆತ್ತಿ ಸುಡುತ್ತದೆ. ಕಲ್ಲು ಮಂಟಪದ ಹತ್ತಿರ ನೀರು ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ನಂಬಿ ಹೋಗಬೇಡಿ, ಮೂರು ಲೀಟರ್ ಬೆನ್ನ ಮೇಲೇ ಇರಲಿ. ಶೇಷ ಪರ್ವತ ಬಂದಾಗ ತುದಿ ಬಂತು ಅಂತ ಎಲ್ಲರೂ ಕೂರುತ್ತಾರೆ. ಅಲ್ಲ. ಅಲ್ಲಿಂದ ಇಳಿದು, ಗುಡ್ಡಗಳ ಮಡಿಲಿನ ಕುಳ್ಳು ಮರಗಳ ಶೋಲಾ ಕಾಡು ಹೊಕ್ಕು, ಮತ್ತೆ ಬಂಡೆ ಹತ್ತಬೇಕು. ಆ ಬಂಡೆ ಒದ್ದೆಯಾಗಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

ಅನುಮತಿ ಇಲ್ಲದೆ ಬರಬೇಡಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೆ ಬಂದು, ಇಡೀ ಗುಡ್ಡ ಜಾತ್ರೆಯಾಗಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮಾಡಿಸಿಕೊಳ್ಳಿ. ರಾತ್ರಿ ಉಳಿಯುವುದು, ಗೈಡ್ ಎರಡರ ಬಗ್ಗೆಯೂ ಆಗಲೇ ವಿಚಾರಿಸಿ. ಗೈಡ್ ಜೊತೆಗಿದ್ದರೆ ಒಬ್ಬಳೇ ಹೋದ ಹಾಗೆ ಆಗುವುದಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಬ್ಯಾಗ್ ನೀವೇ ಹೊರುವುದು, ನಿಮ್ಮ ಕಾಲು ನಿಮ್ಮದೇ.

ಸಾಣೆಕಲ್ಲು:
ದಾರಿಯ ಮಾಹಿತಿಗೆ ಧನ್ಯವಾದ. ಆದರೆ ಪ್ರಶ್ನೆ ಚಾಕುವಿನದು ಅಲ್ವಾ? ಕಾನೂನಿನ ತೊಡಕು ಏನೂ ಇಲ್ಲ. ಶಸ್ತ್ರಾಸ್ತ್ರ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಮಾತ್ರ ಲೆಕ್ಕಕ್ಕೆ ಬರುವುದು. ಮನೆಗೆ, ಹೊಲಕ್ಕೆ ಬಳಸುವಂಥವನ್ನು ಅದರಲ್ಲೂ ಬಿಟ್ಟಿದ್ದಾರೆ. ಮೋರಾ ನಾಲ್ಕು ಇಂಚು. ಧೈರ್ಯವಾಗಿ ಒಯ್ಯಬಹುದು.

ಘಟ್ಟದ ಕೆಳಗಿನವ:
ಅದು ಊರಿನ ಕಾನೂನು ಸರ್. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಅಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ಧಾಮದೊಳಗೆ ಹೋಗಬಾರದು ಅನ್ನುತ್ತದೆ ಅದರ 31ನೇ ಸೆಕ್ಷನ್. ಆಯುಧ ಅಂದರೆ ಏನು ಅಂತ ಅದೇ ಕಾಯ್ದೆಯಲ್ಲಿ ಪಟ್ಟಿ ಇದೆ. ಬಿಲ್ಲುಬಾಣ, ಬಂದೂಕು, ಕೊಕ್ಕೆ, ಬಲೆ, ವಿಷ, ಉರುಳು. ಇವುಗಳ ಮಧ್ಯೆ ಚಾಕುವೂ ಇದೆ. ಎಷ್ಟು ಇಂಚು ಅಂತ ಬರೆದಿಲ್ಲ.

ಸಾಣೆಕಲ್ಲು:
ಅದು ಬೇಟೆಗಾರರಿಗಾಗಿ ಮಾಡಿದ್ದು. ಸೇಬು ಕತ್ತರಿಸುವ ಚಾಕುವಿಗೂ ಉರುಳಿಗೂ ಒಂದೇ ತಕ್ಕಡಿಯೇ?

ಘಟ್ಟದ ಕೆಳಗಿನವ:
ಬೇಟೆಗಾರರಿಗಾಗಿಯೇ ಮಾಡಿದ್ದು, ಒಪ್ಪುತ್ತೇನೆ. ಆದರೆ ಚೆಕ್‌ಪೋಸ್ಟ್‌ನಲ್ಲಿ ನಿಂತ ಗಾರ್ಡ್ ನಿಮ್ಮ ಬ್ಯಾಗ್ ಬಿಚ್ಚಿದಾಗ, ಇವಳು ಬೇಟೆಗೆ ಬಂದಿದ್ದಾಳೋ ಸೇಬು ತಿನ್ನಲು ಬಂದಿದ್ದಾಳೋ ಅಂತ ಹೇಗೆ ಅಳೆಯಬೇಕು? ನಮ್ಮ ಕಡೆ ತೋಟಕ್ಕೆ ಹೋಗುವವರೆಲ್ಲ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಹೋಗುವುದು. ಹಾಗಂತ ಧಾಮದ ಗಡಿಯೊಳಗೆ ಅದನ್ನು ತೂಗಾಡಿಸಿಕೊಂಡು ಹೋದರೆ ಕೇಳುತ್ತಾರೆ, ಕೇಳಲೇಬೇಕು. ಉರುಳಿಗೆ ಸಿಕ್ಕಿ ಸತ್ತ ಕಡವೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನಿಯಮ ಬಿಗಿಯಾಗಿಯೇ ಇರಲಿ.

ಇನ್ನೊಂದು. ಮೋರಾದ ದೊಡ್ಡ ಗುಣ ಸೌದೆ ಸೀಳುವುದು, ಕಡ್ಡಿ ಹೆರೆದು ಬೆಂಕಿ ಹೊತ್ತಿಸುವುದು, ಅಲ್ವಾ? ಧಾಮದೊಳಗೆ ಬೆಂಕಿ ಹಚ್ಚುವುದೂ ಅಪರಾಧವೇ. ಫೆಬ್ರವರಿ, ಮಾರ್ಚ್‌ನಲ್ಲಿ ಈ ಹುಲ್ಲುಗುಡ್ಡಕ್ಕೆ ಒಂದು ಕಿಡಿ ಬಿದ್ದರೆ ಸಾಕು. ಸೌದೆಯೇ ಇಲ್ಲದ ಕಡೆ ಸೌದೆ ಸೀಳುವ ಚಾಕು ಯಾಕೆ?

ಗ್ಲಾಸ್ಗೋ ಕನ್ನಡಿಗ:
ನಡುವೆ ಬರುತ್ತಿದ್ದೇನೆ. ನನ್ನ ಮೊದಲ ಒಂಟಿ ನಡಿಗೆ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ. 154 ಕಿಲೋಮೀಟರ್, ಟೆಂಟ್ ಹೊತ್ತು ಏಳು ದಿನ. ಇಲ್ಲಿ 2003ರ ಕಾನೂನಿನಿಂದ ಹೆಚ್ಚಿನ ಬಯಲಿನಲ್ಲಿ ಟೆಂಟ್ ಹಾಕುವ ಹಕ್ಕೇ ಇದೆ. ಲಾಕ್ ಲೋಮಂಡ್ ದಂಡೆಯ ಕೆಲವು ಜಾಗಗಳಲ್ಲಿ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ಅಂಥ ಕಡೆಯೂ ಚಾಕುವಿನ ನಿಯಮ ಬಿಗಿ. ಸುಮ್ನೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಮೂರು ಇಂಚಿಗಿಂತ ಜಾಸ್ತಿ ಇಲ್ಲದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಒಪಿನೆಲ್ ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್, ಜೊತೆಗೆ ಲಾಕ್ ಉಂಗುರ. ಅದಿಟ್ಟುಕೊಂಡು ಪೇಟೆಯಲ್ಲಿ ತಿರುಗಿದರೆ ತಕ್ಕ ಕಾರಣ ಕೊಡಬೇಕು.

ನಾನು ಒಯ್ದದ್ದು ವಿಕ್ಟೋರಿನಾಕ್ಸ್‌ನ ಎಲ್ಲಕ್ಕಿಂತ ಚಿಕ್ಕವುಗಳಲ್ಲಿ ಒಂದು. ಮುಚ್ಚಿದರೆ 58 ಮಿಲಿಮೀಟರ್, ಇಪ್ಪತ್ತು ಗ್ರಾಂ ಆಸುಪಾಸು. ಏಳು ದಿನದಲ್ಲಿ ಅದು ಮಾಡಿದ ಕೆಲಸ ಹೇಳುತ್ತೇನೆ. ಚೀಸ್ ಕತ್ತರಿಸಿದೆ. ಹಿಮ್ಮಡಿಯ ಬೊಬ್ಬೆಗೆ ಟೇಪ್ ಕತ್ತರಿಸಿದೆ, ಅದೂ ಅದರಲ್ಲೇ ಇರುವ ಪುಟ್ಟ ಕತ್ತರಿಯಿಂದ, ಅಲಗಿನಿಂದಲ್ಲ. ಟೆಂಟಿನ ಹಗ್ಗದ ತುದಿ ಒಂದು ಸಲ. ಅಷ್ಟೇ. ಆದರೆ ಹೆಡ್‌ಲ್ಯಾಂಪ್ ಇಲ್ಲದಿದ್ದರೆ ಮೂರನೇ ದಿನ ಕತ್ತಲಲ್ಲಿ ದಾರಿ ತಪ್ಪುತ್ತಿದ್ದೆ.

ನೈಟ್‌ಡ್ಯೂಟಿ:
ನಾನು ನರ್ಸ್, ಮಂಗಳೂರಿನ ಕಡೆ. ಚಾಕು ಅಂದ ಕೂಡಲೇ ಹೇಳಲೇಬೇಕಾದದ್ದು ಒಂದಿದೆ. ಹಾವು ಕಚ್ಚಿದರೆ ಕೊಯ್ದು ರಕ್ತ ಹೊರಗೆ ಬಿಡಬೇಕು ಅಂತ ಇವತ್ತಿಗೂ ನಂಬಿದವರು ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಮಂಡಲದ ಹಾವಿನ ಜಾತಿಯವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಆಗ ಕೊಯ್ದರೆ ಆ ಗಾಯದ ರಕ್ತ ನಿಲ್ಲುವುದೇ ಇಲ್ಲ. ಒಂದರ ಜಾಗದಲ್ಲಿ ಎರಡು ಅಪಾಯ.

ಬಿಗಿಯಾಗಿ ಹಗ್ಗವನ್ನೂ ಕಟ್ಟಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಊತ ಬಂದಮೇಲೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಕೈಕಾಲು ಅಲುಗಾಡಿಸದೆ ಕೂತು 112ಕ್ಕೋ 108ಕ್ಕೋ ಫೋನ್ ಮಾಡಿ. ಸಿಗ್ನಲ್ ಇಲ್ಲದಿದ್ದರೆ ದಾರಿಯಲ್ಲಿ ಬರುವ ಯಾರನ್ನಾದರೂ ನಿಲ್ಲಿಸಿ. ಒಂಟಿಯಾಗಿ ಹೋಗುವವರು ವಾರದ ನಡುವೆ ಹೋಗದೆ ಶನಿವಾರ ಹೋದರೆ ಒಳ್ಳೆಯದು ಅನ್ನುವುದು ನನಗೆ ಇದೇ ಕಾರಣಕ್ಕೆ.

ಇಂಬಳ ಹತ್ತಿದರೂ ಚಾಕುವಿನಿಂದ ಕೆರೆಯಬೇಡಿ. ಉಗುರಿನಿಂದ ಬಾಯಿಯ ಕಡೆ ಒತ್ತಿ ಸರಿಸಿದರೆ ಬಿಡುತ್ತದೆ. ಡಿಸೆಂಬರ್‌ನಲ್ಲಿ ಕಡಿಮೆ, ಆದರೆ ಮಳೆ ಬಿದ್ದರೆ ಎಲೆಯಡಿಯಿಂದ ಎದ್ದು ಬರುತ್ತವೆ.

ಬೆಣ್ಣೆನಗರಿ ಹುಡುಗಿ:
ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. 31ನೇ ಸೆಕ್ಷನ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಅಮ್ಮ ಚಾಕು ಅನ್ನುತ್ತಿರುವುದು ಹಾವಿಗೂ ಅಲ್ಲ, ಆನೆಗೂ ಅಲ್ಲ. ಅವರ ಭಯ ಮನುಷ್ಯರದು. ಆ ಭಯ ನನಗೂ ಇದೆ. ಅದಕ್ಕೆ ಏನು ಹೇಳುತ್ತೀರಿ?

ಒಂಟಿ ಪಯಣ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ ತಂಗಿ. ನನಗೀಗ ನಲವತ್ತೆರಡು. ಹದಿನೈದು ವರ್ಷದಿಂದ ಒಬ್ಬಳೇ ತಿರುಗುತ್ತಿದ್ದೇನೆ. ಮೊದಲ ಮೂರು ವರ್ಷ ದಿಂಬಿನ ಕೆಳಗೆ ಚಾಕು ಇಟ್ಟುಕೊಂಡೇ ಮಲಗಿದ್ದೆ. ಆ ಭಯ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಒಂದು ರಾತ್ರಿ ಲಾಡ್ಜಿನ ಬಾಗಿಲನ್ನು ಯಾರೋ ಬಡಿಯತೊಡಗಿದರು. ಹತ್ತು ನಿಮಿಷ ಬಿಡಲಿಲ್ಲ. ಚಾಕು ಕೈಯಲ್ಲಿತ್ತು. ಕೈ ನಡುಗಿ ನಡುಗಿ ನನ್ನ ಹೆಬ್ಬೆರಳೇ ಕೊಯ್ದುಕೊಂಡಿತು. ಅವನು ಒಳಗೆ ಬಂದಿದ್ದರೆ ಅದು ನನ್ನ ಕೈಯಿಂದ ಅವನ ಕೈಗೆ ಹೋಗಲು ಎಷ್ಟು ಹೊತ್ತು? ಆವತ್ತು ನನ್ನನ್ನು ಉಳಿಸಿದ್ದು ಬಾಗಿಲಿನ ಚಿಲಕ, ಮತ್ತೆ ನಾನು ಜೋರಾಗಿ ಕೂಗಿದ್ದಕ್ಕೆ ಎದ್ದು ಬಂದ ಪಕ್ಕದ ಕೋಣೆಯ ಸಂಸಾರ. ಮನುಷ್ಯರ ಮೇಲೆ ಚಾಕು ಹಿಡಿಯಲು ವರ್ಷಗಟ್ಟಲೆ ಕಲಿತಿರಬೇಕು. ನಾನು ಕಲಿತಿರಲಿಲ್ಲ, ನೀವೂ ಕಲಿತಿಲ್ಲ ಅಂದುಕೊಳ್ಳುತ್ತೇನೆ.

ಆಮೇಲೆ ನಾನು ಮಾಡಿಕೊಂಡ ಅಭ್ಯಾಸ ಇಷ್ಟು. ಹೊಸ ಊರಿಗೆ ಬೆಳಕಿರುವಾಗಲೇ ಇಳಿಯುತ್ತೇನೆ. ನಿಮ್ಮ ರೈಲು ನೆಟ್ಟಣಕ್ಕೆ, ಅಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ, ಯಾವ ಹೊತ್ತಿಗೆ ಮುಟ್ಟುತ್ತದೆ ನೋಡಿಕೊಳ್ಳಿ. ಅಲ್ಲಿಂದ ಕುಕ್ಕೆಗೆ ಹತ್ತು ಹನ್ನೆರಡು ಕಿಲೋಮೀಟರ್ ಇದೆ. ಕತ್ತಲಿದ್ದರೆ ಸ್ಟೇಷನ್ನಿನಲ್ಲೇ ಬೇರೆ ಯಾತ್ರಿಕರ ಜೊತೆ ಕೂತಿದ್ದು ಬೆಳಗಾದಮೇಲೆ ಹೊರಡಿ. ಮೊದಲ ರಾತ್ರಿಯ ಕೋಣೆ ಮೊದಲೇ ಗೊತ್ತು ಮಾಡಿರಿ. ಕೊರಳಿಗೆ ಸೀಟಿ. ಒಬ್ಬಳೇ ಬಂದಿದ್ದೀರಾ ಅಂತ ಅಪರಿಚಿತರು ಕೇಳಿದರೆ, ಹಿಂದೆ ಬರುತ್ತಿದ್ದಾರೆ ಅನ್ನಿ. ಅದಕ್ಕಾಗಿ ಸುಳ್ಳು ಹೇಳಿದರೆ ಪಾಪ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಒಂದು ಚೀಟಿ. ಅಮ್ಮನಿಗೆ ಬರೆದು ಕೊಟ್ಟು ಬನ್ನಿ. ಯಾವ ದಿನ ಎಲ್ಲಿ, ಕೋಣೆಯ ಫೋನ್ ನಂಬರ್, ಚೆಕ್‌ಪೋಸ್ಟ್ ಎಷ್ಟು ಗಂಟೆಗೆ ದಾಟುತ್ತೀರಿ, ಕೆಳಗೆ ಎಷ್ಟು ಗಂಟೆಗೆ ಮುಟ್ಟುತ್ತೀರಿ. ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅನ್ನುವುದೂ ಅದರಲ್ಲಿರಲಿ. ಬೆಟ್ಟದಲ್ಲಿ ಸಿಗ್ನಲ್ ಹೋಗಿಬಂದು ಮಾಡುತ್ತದೆ, ಅದಕ್ಕೆ ಎರಡು ಗಂಟೆ ಹೆಚ್ಚಿಗೆ ಇಡಿ. ಇಲ್ಲದಿದ್ದರೆ ಅಮ್ಮ ಸುಮ್ನೆ ಹೆದರುತ್ತಾರೆ.

ಸಾಣೆಕಲ್ಲು:
ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಬೆಟ್ಟಕ್ಕೆ ಮೋರಾ ಅಂದಿದ್ದೆನಲ್ಲ, ಆ ಮಾತು ಹಿಂತೆಗೆದುಕೊಳ್ಳುತ್ತೇನೆ. ಧಾಮದ ಕಾನೂನನ್ನು ನಾನು ಓದಿರಲಿಲ್ಲ. ಆದರೆ ಚಾಕುವೇ ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕರಾವಳಿಯ ಎರಡು ದಿನಕ್ಕೆ ಒಂದು ಹರಿತವಾದ ಚಿಕ್ಕ ಚಾಕು ನಿಜಕ್ಕೂ ಬೇಕಾಗುತ್ತದೆ. ಮೊಂಡು ಚಾಕು ಮಾತ್ರ ಒಯ್ಯಬೇಡಿ. ಮೊಂಡಾದಷ್ಟೂ ಒತ್ತಿ ಕೊಯ್ಯುತ್ತೀರಿ, ಒತ್ತಿದಷ್ಟೂ ಜಾರುತ್ತದೆ.

ಬೆಣ್ಣೆನಗರಿ ಹುಡುಗಿ:
ನನ್ನ ತೀರ್ಮಾನ ಹೀಗಿದೆ. ಶನಿವಾರಕ್ಕೇ ಬುಕ್ ಮಾಡುತ್ತೇನೆ. ತಾತನ ಕತ್ತಿ ಊರಲ್ಲೇ ಇರಲಿ. ಒಪಿನೆಲ್ ಕರಾವಳಿಯಲ್ಲಿ ಹಣ್ಣು ಕೊಯ್ಯಲು ಬರುತ್ತದೆ, ಬೆಟ್ಟ ಹತ್ತುವ ದಿನ ಕುಕ್ಕೆಯ ಕೋಣೆಯಲ್ಲಿ ಉಳಿದ ಸಾಮಾನಿನ ಜೊತೆ ಬಿಟ್ಟು ಹೋಗುತ್ತೇನೆ. ಟೇಪನ್ನು ಮನೆಯಲ್ಲೇ ತುಂಡು ಮಾಡಿ ಇಟ್ಟುಕೊಳ್ಳುತ್ತೇನೆ. ಚೀಟಿ ಇವತ್ತೇ ಬರೆಯಲು ಕೂತೆ. ಅಮ್ಮ ಓದಿ, ವಾಪಸ್ ಬರುವ ರೈಲಿನ ನಂಬರ್ ಎಲ್ಲಿ ಅಂದರು.

ಸಾಣೆಕಲ್ಲು ಸರ್, ಒಂದು ಪ್ರಶ್ನೆ. ಒಪಿನೆಲ್‌ನ ಹಿಡಿ ಮರದ್ದು. ಕರಾವಳಿಯ ಹವೆಗೆ ಉಬ್ಬಿ ಅಲಗು ಬಿಗಿಯಾದರೆ ಏನು ಮಾಡಬೇಕು?

ಸಾಣೆಕಲ್ಲು:
ಉಬ್ಬುತ್ತದೆ. ಅದು ಬೀಚ್ ಮರ, ನೀರು ಕುಡಿಯುತ್ತದೆ. ಹೊರಡುವ ಒಂದು ವಾರ ಮೊದಲು ಅಲಗು ಕೂರುವ ಸೀಳಿಗೂ ಕೀಲಿಗೂ ಎಣ್ಣೆ ಹಾಕಿ, ಒರೆಸಿ, ಒಣಗಲು ಬಿಡಿ. ಅಷ್ಟಾದರೂ ಬಿಗಿದರೆ ಉಗುರಿನಿಂದ ಎಳೆಯಬೇಡಿ. ಲಾಕ್ ಉಂಗುರ ತೆರೆದ ಕಡೆಗೆ ತಿರುಗಿಸಿ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ. ಅಲಗಿನ ಬೆನ್ನು ತಾನೇ ಹೊರಗೆ ಇಣುಕುತ್ತದೆ. ಅನಾನಸ್ ಕೊಯ್ಯುವವರಾದರೆ ಸ್ಟೇನ್‌ಲೆಸ್‌ನದೇ ತಗೊಳ್ಳಿ, ಕಾರ್ಬನ್ ಅಲಗು ಹುಳಿಗೆ ಕಪ್ಪಾಗುತ್ತದೆ.