ಅಪ್‌ಡೇಟ್: ಕೊನೆಗೆ 35 ಮಿ.ಮೀ. ವಾಚೇ ತಗೊಂಡೆ

ಕೇಸು (ವಾಚಿನ ಹೊರಕವಚ), ಚೈನು ಒಂದೇ ತುಂಡಿನಂತೆ ಕಾಣುವ ಸ್ವಿಸ್ ವಾಚ್ ಟಿಸ್ಸೋ ಪಿಆರ್‌ಎಕ್ಸ್ ನನ್ನ ಸಣ್ಣ ಮಣಿಕಟ್ಟಿಗೆ ಹೊಂದುತ್ತದಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. 35, 40 ಮಿ.ಮೀ. ಎರಡೂ ಅಳತೆ ಕಟ್ಟಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.

40 ಮಿ.ಮೀ. ಕೇಳೋಕೆ ದೊಡ್ಡದಲ್ಲ. ಆದರೆ ಚೈನಿನ ಮೊದಲ ಕೊಂಡಿ ಕೇಸಿನಿಂದ ನೇರ ಚಾಚಿಕೊಳ್ಳುತ್ತದೆ, ಕೈ ಮೇಲೆ ಜಾಸ್ತಿ ಅಗಲ ಕಾಣುತ್ತದೆ. 35ರದ್ದು ಅಚ್ಚುಕಟ್ಟಾಗಿ ಕೂತಿತು.

1978ರ ವಿನ್ಯಾಸ 2021ರಲ್ಲಿ ಮರಳಿ ಬಂದದ್ದು ಎಷ್ಟು ಒಳ್ಳೆಯದಾಯ್ತು, ಅಲ್ವಾ? ಕೇಸು, ಚೈನು ಒಂದಾಗಿರುವ ಇಂಥ ವಾಚುಗಳಿಗೆ ದಾರಿ ತೆರೆದದ್ದು 1972ರಲ್ಲಿ ಬಂದ, ವಿನ್ಯಾಸಕಾರ ಜೆರಾಲ್ಡ್ ಜೆಂಟಾ ರೂಪಿಸಿದ ರಾಯಲ್ ಓಕ್ ಎಂಬ ವಾಚು.

ನಾನು ಆರಿಸಿದ್ದು ಆಟೊಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಪೂರ್ತಿ ಕೀ ತುಂಬಿದರೆ ಸುಮಾರು 80 ಗಂಟೆ ಓಡುತ್ತದೆ; ಶುಕ್ರವಾರ ಸಂಜೆ ಬಿಚ್ಚಿಟ್ಟರೂ ಸೋಮವಾರ ಬೆಳಗ್ಗೆ ನಡೆಯುತ್ತಿರುತ್ತದೆ. ಕೊಳ್ಳುವವರು ಒಂದು ಗಮನಿಸಿ: ಮಾಮೂಲಿ ಪಟ್ಟಿ ಇದಕ್ಕೆ ಕೂರುವುದಿಲ್ಲ, ಇದರ ಅಳತೆಯದ್ದೇ ಬೇಕು.