ಕ್ರಯಪತ್ರದ ಷೆಡ್ಯೂಲಿನಲ್ಲಿ ಅಡಿಯೋ ಮೀಟರೋ? ಎರಡೂ ಬರೆಸಿದರೆ ತೊಂದರೆಯೇ?

ಪ್ರಶ್ನೆ
ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನ. ಹಳೇ ಕ್ರಯಪತ್ರದಲ್ಲಿ ಪೂರ್ವ–ಪಶ್ಚಿಮ 30 ಅಡಿ, ಉತ್ತರ–ದಕ್ಷಿಣ 40 ಅಡಿ, ಒಟ್ಟು 1200 ಚದರ ಅಡಿ ಎಂದಿದೆ. ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9ರಲ್ಲಿ 9.14 × 12.19 ಮೀಟರ್, 111.42 ಚದರ ಮೀಟರ್. ಅದನ್ನು ವಾಪಸ್ ಅಡಿಗೆ ತಂದರೆ 1199.3 ಬರುತ್ತದೆ. ಹೊಸ ಪತ್ರದ ಷೆಡ್ಯೂಲಿಗೆ (ಆಸ್ತಿಯ ವಿವರ ಬರೆಯುವ ಭಾಗಕ್ಕೆ) ಯಾವುದನ್ನು ಹಾಕಿಸಬೇಕು? ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ತಕರಾರು ತೆಗೆಯುತ್ತಾರಾ?

ಪತ್ರಬರಹ
ಎರಡನ್ನೂ ಬರೆಸಿ, ಆದರೆ ಯಜಮಾನಿಕೆ ಒಂದಕ್ಕೇ ಕೊಡಿ. ಈಗ ಚಾಲ್ತಿಯಲ್ಲಿರುವ ದಾಖಲೆ ನಮೂನೆ 9, ಹಾಗಾಗಿ ಅದರ ಅಂಕಿ ಒಂದು ಚುಕ್ಕಿಯೂ ಬದಲಾಗದೆ ಮೊದಲು ಬರಲಿ:

"ಪೂರ್ವ–ಪಶ್ಚಿಮ 9.14 ಮೀಟರ್ (30 ಅಡಿ), ಉತ್ತರ–ದಕ್ಷಿಣ 12.19 ಮೀಟರ್ (40 ಅಡಿ), ಒಟ್ಟು 111.42 ಚದರ ಮೀಟರ್. ಹಿಂದಿನ ಕ್ರಯಪತ್ರದಂತೆ 1200 ಚದರ ಅಡಿ."

ಆ 0.7 ಚದರ ಅಡಿ ಎಲ್ಲಿಗೂ ಹೋಗಿಲ್ಲ. 30 ಅಡಿ ಎಂದರೆ 9.144 ಮೀಟರ್, 40 ಅಡಿ ಎಂದರೆ 12.192. ಗುಣಿಸಿದರೆ 111.48. ಪಂಚಾಯಿತಿಯಲ್ಲಿ ಎರಡು ದಶಮಾಂಶಕ್ಕೆ ನಿಲ್ಲಿಸಿ ಆಮೇಲೆ ಗುಣಿಸಿದ್ದಾರೆ, ಅಷ್ಟೇ. 9.1 × 12.2 ಎಂದು ಬರೆಸಿಬಿಟ್ಟರೆ ಮಾತ್ರ 1195ಕ್ಕೆ ಇಳಿದು ಐದು ಚದರ ಅಡಿ ಕಾಗದದಲ್ಲೇ ಕರಗುತ್ತದೆ. ನೀವೇ ಪರಿವರ್ತಿಸುವಾಗ ಮೊದಲು ಗುಣಿಸಿ, ಕೊನೆಯ ಉತ್ತರವನ್ನಷ್ಟೇ ಸುತ್ತುಗೂಡಿಸಿ.

ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಸರಿಯಾಗಿ ಬರೆಸುವುದು ಇದೆಲ್ಲಕ್ಕಿಂತ ಮುಖ್ಯ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆ ನಿಲ್ಲುತ್ತವೆ.

ಲೇಔಟ್_ನಕ್ಷೆ
ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಾಯಿಮಾತಿನ "ಥರ್ಟಿ ಫಾರ್ಟಿ"ಯನ್ನು ಕಂಸದೊಳಗೆ ತುರುಕಬೇಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 30×40 ಎನ್ನುವ ನಿವೇಶನ ನಿಜಕ್ಕೂ 9 × 12 ಮೀಟರ್. ಅಂದರೆ 108 ಚದರ ಮೀಟರ್, 1162.5 ಚದರ ಅಡಿ. ಅದರ ಪತ್ರದಲ್ಲಿ 1200 ಎಂದು ಬಿದ್ದರೆ ಇಲ್ಲದ 37.5 ಚದರ ಅಡಿಯನ್ನು ಮಾರಿದಂತಾಯಿತು. ನಿಮ್ಮದು ಹಾಗಲ್ಲ, ಹಳೇ ಪತ್ರವೇ ಅಡಿಯಲ್ಲಿದೆ.

ಶುಲ್ಕದ ಲೆಕ್ಕದಲ್ಲೂ ಘಟಕ ನೋಡಿಕೊಳ್ಳಿ. ಮಾರ್ಗಸೂಚಿ ದರ (ನೋಂದಣಿ ಶುಲ್ಕಕ್ಕೆ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ) ಚದರ ಮೀಟರಿಗಿದ್ದು, ನೀವು 1200 ಎಂದು ತುಂಬಿದರೆ ಮೌಲ್ಯ 10.76 ಪಟ್ಟು ಏರಿ ಕೂರುತ್ತದೆ.

ನಿವೇಶನ_ಬೆಸ
ನಾಲ್ಕೂ ಬದಿ ಬೇರೆಬೇರೆ ಇದ್ದರೆ? (40+42)/2 × (30+31)/2 ಎಂದು ಬರೆಯುತ್ತಾರಲ್ಲ.

ಮೋಜಣಿ
ಆ ಸರಾಸರಿ ಸೂತ್ರ ಆಯತಕ್ಕೆ ಹತ್ತಿರವಿದ್ದಾಗ ಮಾತ್ರ ಸರಿ. ಮೂಲೆ ಓರೆಯಾದಷ್ಟೂ ಅದು ವಿಸ್ತೀರ್ಣವನ್ನು ಹೆಚ್ಚಿಗೆ ತೋರಿಸುತ್ತದೆ, ಕಡಿಮೆ ಎಂದೂ ತೋರಿಸುವುದಿಲ್ಲ. ನಾಲ್ಕು ಬದಿಯ ಜೊತೆ ಒಂದು ಕರ್ಣವನ್ನೂ ಅಳೆದು, ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿ. ನಕ್ಷೆಯಲ್ಲಿ ಕರ್ಣವನ್ನು ನಮೂದಿಸಿ. ಇನ್ನು 30 ಅಡಿ 6 ಅಂಗುಲವನ್ನು 30.6 ಎಂದು ಬರೆಯುವ ಚಾಳಿ ಬಿಡಿ. ಅದು 30.5.

ಜಮೀನಿನ ಪತ್ರಗಳಲ್ಲಿ ಇದಕ್ಕಿಂತ ದೊಡ್ಡ ಗುಂಡಿಯಿದೆ. ಪಹಣಿಯಲ್ಲಿ 2.20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನು ದಶಮಾಂಶವೆಂದು ಓದಿದರೆ 2 ಎಕರೆ 8 ಗುಂಟೆಯಾಗುತ್ತದೆ, 12 ಗುಂಟೆ ಮಾಯ! ಎಕರೆ, ಗುಂಟೆ, ಆಣೆ ಎಂದು ಬಿಡಿಸಿಯೇ ಬರೆಸಿ. ಗುಂಟೆಗೆ 1089 ಚದರ ಅಡಿ ಅಥವಾ 101.17 ಚದರ ಮೀಟರ್. ಹದಿನಾರು ಆಣೆಗೆ ಒಂದು ಗುಂಟೆ. ಕರಾವಳಿಯ ಸೆಂಟ್ಸಿನಲ್ಲಾದರೆ ಗುಂಟೆಗೆ ಎರಡೂವರೆ. ಹಳೇ ಸರ್ವೆ ಟಿಪ್ಪಣಿಯ (ಜಮೀನಿನ ಅಳತೆ ದಾಖಲೆಯ) ಆಣೆ ಮಾತ್ರ ಉದ್ದದ ಅಳತೆ: 33 ಅಡಿ ಸರಪಳಿಯ ಹದಿನಾರನೇ ಒಂದು ಭಾಗ, ಎರಡಡಿಗಿಂತ ಮುಕ್ಕಾಲು ಅಂಗುಲ ಹೆಚ್ಚು. ಎರಡನ್ನೂ ಬೆರೆಸಬೇಡಿ. ಖರಾಬು (ಸಾಗುವಳಿಗೆ ಬಾರದ ಭಾಗ) ಇದ್ದರೆ ಪ್ರತ್ಯೇಕವಾಗಿ ತೋರಿಸಿ.

ಪತ್ರಬರಹ
ನೋಂದಣಿಯಾದ ಮೇಲೆ ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದುವಂತಿಲ್ಲ. ಮಾರಿದವರು, ಕೊಂಡವರು ಇಬ್ಬರೂ ಸಹಿ ಹಾಕಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಮಾರಿದವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೇ ಕಲಮಿನಡಿ ದಾವೆ ಹೂಡಬೇಕಾಗುತ್ತದೆ. ಆದ್ದರಿಂದ ಕರಡು ಕೈಗೆ ಬಂದಾಗಲೇ ಕ್ಯಾಲ್ಕುಲೇಟರ್ ಹಿಡಿದು ಅಳತೆ ಗುಣಿಸಿ ನೋಡಿ, ನಮೂನೆ 9 ಪಕ್ಕದಲ್ಲಿರಲಿ.